ಮೋಸಕ್ಕೆ ಇಂಗ್ಲಿಷಿನಾಗ ಏನಂತಾರ?

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಎಲ್ಲವೂ ಸ್ಕ್ಯಾಮ್. ಮೆಸ್ಸಿನ ಪನ್ನೀರ್ ಮಸಾಲಾದಲ್ಲಿ ಎರಡೇ ತುಂಡು ಪನ್ನೀರ್ ಸಿಕ್ಕರೆ ಸ್ಕ್ಯಾಮ್. ಮೂರನೇ ಮಾಡ್ಯೂಲಿನಿಂದ ಏನೂ ಬರಲ್ಲ ಅಂತ ಸೀನಿಯರ್ ಹೇಳಿ, ಇಂಟರ್ನಲ್ಸ್‌ನಲ್ಲಿ ಅಲ್ಲಿಂದಲೇ ಹತ್ತು ಮಾರ್ಕ್ಸಿನ ಪ್ರಶ್ನೆ ಬಂದರೆ ಸ್ಕ್ಯಾಮ್. ಫೆಸ್ಟಿಗೆ ದೊಡ್ಡ ಗಾಯಕರು ಬರ್ತಾರೆ ಅಂತ ಪಾಸ್ ಮಾರಿ, ಕೊನೆಗೆ ಡಿಜೆ ಹಾಕಿ ಕುಣಿಸಿದರೆ ಮಹಾ ಸ್ಕ್ಯಾಮ್. ಬೆಳಿಗ್ಗೆ ಎಂಟರ ಕ್ಲಾಸಿಗೆ ಎದ್ದು ಓಡಿ ಹೋದರೆ ಮೇಷ್ಟ್ರು ರಜೆಯಲ್ಲಿದ್ದಾರೆ. ಅದೂ ಸ್ಕ್ಯಾಮೇ.

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ನಿಜವಾದ ಮೋಸ ಆಯಿತು. ಮನೆಯಿಂದಲೇ ಮಾಡುವ ಇಂಟರ್ನ್‌ಶಿಪ್, ಮೇಲೊಂದು ಚಂದದ ಲೋಗೋ ಇರುವ ಆಫರ್ ಲೆಟರ್, 'ರಿಫಂಡಬಲ್ ಸೆಕ್ಯೂರಿಟಿ ಡಿಪಾಸಿಟ್' ಅಂತ 4,999 ರೂಪಾಯಿ. ದುಡ್ಡು ಹಾಕಿದ ಮರುದಿನ ವಾಟ್ಸ್ಯಾಪ್ ಗ್ರೂಪೂ ಇಲ್ಲ, ಆ ನಂಬರೂ ಇಲ್ಲ. ಆಕೆಯ ಅಪ್ಪ ಬಾಡಿಗೆ ಟೆಂಪೋ ಓಡಿಸುವವರು. ಅವಳು ರೂಮಿಗೆ ಬಂದು ಮಂಚದ ಮೇಲೆ ಕೂತು "ಸ್ಕ್ಯಾಮ್ ಆಯ್ತು ಕಣೇ" ಅಂದಳು. ಪಕ್ಕದ ಮಂಚದವಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಮತ್ತೆ ಮೆಸ್ಸಾ?" ಅಂದಳು.

ಅವಳದು ತಪ್ಪೇನಲ್ಲ. ಪನ್ನೀರಿಗೂ ಅದೇ ಪದ, ಅಪ್ಪನ ವಾರದ ದುಡಿಮೆ ಹೋದದ್ದಕ್ಕೂ ಅದೇ ಪದ ಅಂದರೆ ಕೇಳುವವರಿಗೆ ವ್ಯತ್ಯಾಸ ತಿಳಿಯೋದು ಹೇಗೆ? ಒಂದೇ ಪದವನ್ನು ಎಲ್ಲದಕ್ಕೂ ಬಳಸಿದರೆ ಅದು ಸವೆದ ನಾಣ್ಯದಂತೆ ಆಗುತ್ತದೆ. ಚಲಾವಣೆಯಲ್ಲಿ ಇರುತ್ತದೆ, ಆದರೆ ಮೇಲಿನ ಅಕ್ಷರ ಕಾಣಿಸೋದಿಲ್ಲ.

ನಾನು ಬೀಳಗಿ ತಾಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಬಂದಾಗ ಇಂಗ್ಲಿಷ್ ಪದಗಳನ್ನು ಬರೆದಿಡಲು ಒಂದು ನೂರು ಪುಟದ ನೋಟ್‌ಬುಕ್ ಮಾಡಿದ್ದೆ. ನಿಮ್ಮಲ್ಲಿ ಅನೇಕರ ಹತ್ತಿರ ಅಂಥದ್ದೊಂದು ಇದ್ದೇ ಇರುತ್ತದೆ. ನನ್ನದರಲ್ಲಿ ಬೇರೆ ಎಲ್ಲ ಅರ್ಥಕ್ಕಿಂತ ಹೆಚ್ಚು ಜಾಗ ಹಿಡಿದದ್ದು 'ಮೋಸ' ಎಂಬ ಅರ್ಥ. ಚೀಟ್, ಫ್ರಾಡ್, ಡಿಸೀವ್, ಡ್ಯೂಪ್, ಕಾನ್, ಸ್ವಿಂಡಲ್, ಫ್ಲೀಸ್, ಹುಡ್‌ವಿಂಕ್, ಶಾರ್ಟ್‌ಚೇಂಜ್, ರಿಪ್-ಆಫ್. ಪುಟ ತುಂಬಿದರೂ ಪದ ಮುಗಿಯಲಿಲ್ಲ. ಅಷ್ಟು ನಾಜೂಕಿನ ಭಾಷೆ ಅಂತ ಅಂದುಕೊಂಡಿದ್ದೆ, ನೋಡಿದರೆ ಅವರಿಗೂ ಒಬ್ಬರಿಗೊಬ್ಬರು ಟೊಪಗಿ ಹಾಕುವ ಕೆಲಸ ಬಹಳ ಇದ್ದಂತಿದೆ.

ಪದಗಳ ಹುಟ್ಟು ಹುಡುಕಲು ಹೋದರೆ ಅವು ನಮ್ಮೂರ ಮಾತಿಗೆ ತೀರ ದೂರದವಲ್ಲ. ಫ್ಲೀಸ್ ಅಂದರೆ ಕುರಿಯ ಉಣ್ಣೆ, ಅದನ್ನು ಕತ್ತರಿಸಿ ತೆಗೆಯೋದು. ನಮ್ಮಲ್ಲಿ 'ಬೋಳಿಸಿ ಕಳಿಸಿದ್ರು' ಅನ್ನುತ್ತೇವಲ್ಲ, ಅದೇ. ಕುರಿ ಕಾಯುವ ಸೀಮೆ ಯಾವುದಾದರೇನು, ಕತ್ತರಿ ಹಿಡಿದವನನ್ನು ನೋಡಿ ಹುಟ್ಟುವ ಮಾತು ಒಂದೇ. ಹುಡ್‌ವಿಂಕ್ ಅಂದರೆ ಮೊದಲಿಗೆ ಕಣ್ಣು ಮುಚ್ಚುವಂತೆ ತಲೆಗೆ ಮುಸುಕು ಹಾಕೋದು. ನಾವು ಕಣ್ಣಿಗೆ ಮಣ್ಣು ಎರಚುತ್ತೇವೆ, ಅವರು ಬಟ್ಟೆ ಹಾಕುತ್ತಾರೆ. ಸ್ವಿಂಡಲ್ ಜರ್ಮನ್ ಭಾಷೆಯಿಂದ ಬಂದದ್ದು, ಮೂಲದಲ್ಲಿ ತಲೆ ತಿರುಗುವುದು ಎಂಬ ಅರ್ಥ. ಡ್ಯೂಪ್ ಫ್ರೆಂಚಿನದು. ಹೂಪೋ, ಅಂದರೆ ನಮ್ಮ ಹೊಲದಲ್ಲಿ ಕಿರೀಟ ಬಿಚ್ಚಿಕೊಂಡು ನೆಲ ಕುಕ್ಕುವ ಚಂದ್ರಮುಕುಟ ಹಕ್ಕಿ, ಪೆದ್ದು ಅಂತ ಅವರ ಎಣಿಕೆ. ಮೋಸಕ್ಕೆ ಸಿಕ್ಕವನಿಗೆ ಆ ಹಕ್ಕಿಯ ಹೆಸರು ಅಂಟಿತು. ಕಾನ್ ಎಂಬುದು ಕಾನ್ಫಿಡೆನ್ಸ್ ಪದದ ತುಂಡು. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಎಂಬಾತ ಸಿಕ್ಕಿಬಿದ್ದ. ಅವನ ಕಸುಬು ಇಷ್ಟೇ: ದಾರಿಯಲ್ಲಿ ಅಪರಿಚಿತರ ಜೊತೆ ಮಾತಾಡಿ, ನನ್ನ ಮೇಲೆ ನಂಬಿಕೆ ಇದ್ದರೆ ನಿಮ್ಮ ವಾಚನ್ನು ನಾಳೆಯವರೆಗೆ ಕೊಡಿ ಅಂತ ಕೇಳೋದು. ಜನ ಕೊಡುತ್ತಿದ್ದರು. ಪೇಪರಿನವರು ಅವನಿಗೆ ಕಾನ್ಫಿಡೆನ್ಸ್ ಮ್ಯಾನ್ ಎಂದು ಹೆಸರಿಟ್ಟರು. ನಮ್ಮ ಗೆಳತಿಯ 'ರಿಫಂಡಬಲ್ ಡಿಪಾಸಿಟ್' ಕೂಡ ಅದೇ ವಾಚು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾದಾ ಪದ 'ಚೀಟ್'. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಳ್ಳುವುದಕ್ಕೂ ಚೀಟಿಂಗ್ ಅನ್ನುವುದಕ್ಕೂ ಸಂಬಂಧ ಇದೆ ಅಂತ ನಾನು ಹೈಸ್ಕೂಲಿನಲ್ಲಿ ನಂಬಿದ್ದೆ. ಇಲ್ಲ. ಅದು 'ಎಸ್ಚೀಟ್' ಎಂಬ ಕಾನೂನು ಪದದ ಮೊಂಡಾದ ರೂಪ. ಹಳೆಯ ಇಂಗ್ಲೆಂಡಿನಲ್ಲಿ ಒಬ್ಬ ವಾರಸುದಾರರಿಲ್ಲದೆ ಸತ್ತರೆ ಅವನ ಜಮೀನು ದೊರೆಗೆ ಅಥವಾ ಮೇಲಿನ ಒಡೆಯನಿಗೆ ಬೀಳುತ್ತಿತ್ತು. ಅದನ್ನು ವಸೂಲು ಮಾಡಲು ಅಧಿಕಾರಿಗಳಿದ್ದರು. ವಾರಸುದಾರ ಇದ್ದರೂ ಇಲ್ಲ ಎನ್ನುವಷ್ಟು ಅವರ ಹೆಸರು ಕೆಟ್ಟಿತು. ಕೊನೆಗೆ ಅವರ ಇಲಾಖೆಯ ಹೆಸರೇ ಮೋಸಕ್ಕೆ ಹೆಸರಾಯಿತು. ಸರ್ಕಾರಿ ಪದ ಬೈಗುಳವಾಗಿ ಜನರ ಬಾಯಿಗೆ ಬಂದ ಕಥೆ ಇದು.

ಇದನ್ನು ಓದಿದಾಗ ಕಿತ್ತೂರು ನೆನಪಾಗದೆ ಇರುತ್ತದೆಯೇ? 1824ರಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ವಾರಸುದಾರನೇ ಇಲ್ಲ, ಸಂಸ್ಥಾನ ಕಂಪನಿಗೆ ಸೇರಬೇಕು ಎಂಬ ವಾದ. ಆ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಾಲ್‌ಹೌಸಿ ಬಂದು 'ಲ್ಯಾಪ್ಸ್' ಎಂಬ ಪದವನ್ನು ದೇಶಕ್ಕೆಲ್ಲ ಹಂಚುವುದಕ್ಕೆ ಇನ್ನೂ ಇಪ್ಪತ್ತು ವರ್ಷದ ಮೇಲಿತ್ತು. ಆಮೇಲೆ ನರಗುಂದದ ಬಾಬಾಸಾಹೇಬರ ದತ್ತಕವನ್ನೂ ಒಪ್ಪಲಿಲ್ಲ, 1858ರಲ್ಲಿ ಅವರೂ ಎದ್ದರು. ಚೀಟ್ ಎಂಬ ಪದ ಯಾವ ವ್ಯವಹಾರದಿಂದ ಹುಟ್ಟಿತೋ ಅದೇ ವ್ಯವಹಾರ ನಮ್ಮ ಸೀಮೆಗೆ ಬಂದಾಗ ಅದಕ್ಕೆ ನೀತಿ, ಕಾನೂನು, ಡಾಕ್ಟ್ರಿನ್ ಎಂಬ ಹೆಸರಿತ್ತು. ನಮ್ಮ ಸಂವಿಧಾನದ 296ನೇ ವಿಧಿಯಲ್ಲಿ ಎಸ್ಚೀಟ್, ಲ್ಯಾಪ್ಸ್ ಎರಡೂ ಪದ ಇಂದಿಗೂ ಇವೆ. ವಾರಸುದಾರರೇ ಇಲ್ಲದ ಆಸ್ತಿ ಸರ್ಕಾರಕ್ಕೆ ಸೇರಬೇಕು ಎಂಬ ಸಾದಾ ಅರ್ಥದಲ್ಲಿ.

ಪದಗಳ ವ್ಯಾಪಾರ ಒಂದೇ ದಿಕ್ಕಿನಲ್ಲಿ ಆಗಿಲ್ಲ. ನಮ್ಮ ಠಕ್ಕನ ಬಂಧುವಾದ ಹಿಂದಿಯ ಠಗ್ ಇಂಗ್ಲಿಷಿನಲ್ಲಿ ಥಗ್ ಆಯಿತು. ಲೂಟಿ ಹೋಗಿ ಲೂಟ್ ಆಯಿತು. ಮೀಮ್‌ಗಳಲ್ಲಿ ಕಪ್ಪು ಕನ್ನಡಕ ಹಾಕಿಸಿ 'ಥಗ್ ಲೈಫ್' ಎಂದು ಬರೆಯುವಾಗ ಅದು ನಮ್ಮದೇ ಪದ ಅಂತ ನೆನಪಿರಲಿ. ಆದರೆ ಆ ಪದದ ಹಿಂದೆಯೇ ಇನ್ನೊಂದು ಬಂತು. 1871ರ ಕಾಯ್ದೆ ಕೆಲವು ಸಮುದಾಯಗಳಲ್ಲಿ ಹುಟ್ಟಿದವರನ್ನೆಲ್ಲ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಇಂದಿಗೂ 'ಸೆಟ್ಲಮೆಂಟ್' ಎಂದು ಕರೆಯುವ ಓಣಿಗಳು ಆ ಕಾಲದವು. ಕಾಯ್ದೆ 1952ರಲ್ಲಿ ರದ್ದಾಯಿತು, ಬೈಗುಳ ರದ್ದಾಗಲಿಲ್ಲ. ಇಂಗ್ಲಿಷಿನಲ್ಲಿ ಮೋಸ ಮಾಡುವುದಕ್ಕೆ 'ಜಿಪ್' ಎಂಬ ಪದವಿದೆ. ಅದು ಜಿಪ್ಸಿ ಜನರ ಹೆಸರಿನಿಂದ ಬಂದದ್ದಿರಬೇಕು ಎನ್ನುತ್ತಾರೆ, ಈಗ ಸಭ್ಯರು ಬಳಸುವುದಿಲ್ಲ. ನಮ್ಮ ಊರುಗಳಲ್ಲಿ ಮೋಸಗಾರನನ್ನು ಯಾವುದೋ ಜಾತಿಯ ಹೆಸರು ಹಿಡಿದು ಬೈಯುವುದನ್ನು ನೀವೂ ಕೇಳಿದ್ದೀರಿ. ಮೋಸ ಮಾಡಿದವನು ಒಬ್ಬ, ಪದದೊಳಗೆ ಸಿಕ್ಕವರು ಸಾವಿರಾರು ಜನ. ಇದು ಮೋಸಕ್ಕಿಂತ ದೊಡ್ಡ ಅನ್ಯಾಯ.

ಮೋಸ ಬೇರೆ, ಅನ್ಯಾಯ ಬೇರೆ. ಈ ವ್ಯತ್ಯಾಸ ನನಗೆ ನೋಟ್‌ಬುಕ್ಕಿನಿಂದ ತಿಳಿದದ್ದಲ್ಲ, ಅಜ್ಜನ ಟ್ರಂಕಿನಿಂದ ತಿಳಿದದ್ದು.

ನಮ್ಮ ಹಳೆಯ ಊರು ಕೃಷ್ಣಾ ದಂಡೆಯ ಹೊಳೆಸಾಲಿನಲ್ಲಿತ್ತು. ಆಲಮಟ್ಟಿ ಆಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು ಬರಲು ಮೂವತ್ತು ವರ್ಷ ಹಿಡಿಯಿತು. ಬೀಳಗಿ, ಬಾಗಲಕೋಟೆ ಕಡೆಯವರಿಗೆ ಇದಕ್ಕೆಲ್ಲ ಸೇರಿ ಒಂದೇ ಮಾತು: ಮುಳುಗಡೆ. ಮುಳುಗಡೆಗೆ ಮೊದಲು, ಮುಳುಗಡೆ ಆದಮೇಲೆ ಅಂತಲೇ ನಮ್ಮಲ್ಲಿ ವರ್ಷ ಎಣಿಸುತ್ತಾರೆ. ಯಾರಾದರೂ ಸಾಲ ತಗೊಂಡು ಓಡಿಹೋದರೆ ಕರ್ನಾಟಕದ ಎಲ್ಲ ಕಡೆ 'ಮುಳುಗಿಸಿದ' ಅನ್ನುತ್ತಾರೆ. ನಮ್ಮಲ್ಲೂ ಅನ್ನುತ್ತಾರೆ, 'ಮುಣಗಿಸಿದ' ಅಂತ. ಆದರೆ ನಮ್ಮಲ್ಲಿ ಆ ಮಾತು ಹೇಳುವವರ ಹಿಂದೆ ನಿಜವಾದ ನೀರು ನಿಂತಿರುತ್ತದೆ.

ಮೂರನೇ ತರಗತಿಯಲ್ಲಿ ನನಗೆ ಓಟದಲ್ಲಿ ಬಹುಮಾನ ಬಂದಾಗ ಮಿಸ್ಸು 'ಅವಾರ್ಡ್' ಎಂಬ ಪದ ಹೇಳಿಕೊಟ್ಟರು. ಮನೆಯಲ್ಲಿ ಆ ಪದ ಅದಕ್ಕೂ ಮೊದಲೇ ಇತ್ತು. 'ನಮ್ಮ ಅವಾರ್ಡ ಬಂದಾಗ', 'ಅವಾರ್ಡ ಕಾಪಿ ಎಲ್ಲೈತಿ' ಎಂದು ಹಿರಿಯರು ಮಾತಾಡುತ್ತಿದ್ದರು. ನಾನು ಹೋಗಿ ಅಜ್ಜನನ್ನು ಕೇಳಿದೆ:

"ಅಜ್ಜಾ, ನಿಂಗ ಯಾತಕ್ಕ ಅವಾರ್ಡ್ ಕೊಟ್ರು?"

"ಊರ ಬಿಟ್ಟ ಹೋಗಾಕ, ತಂಗಿ."

ಅಜ್ಜ ನಗಲಿಲ್ಲ. ಜಮೀನಿಗೆ ಸರ್ಕಾರ ಗೊತ್ತುಮಾಡಿದ ಪರಿಹಾರದ ಆದೇಶಕ್ಕೆ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಅವಾರ್ಡ್ ಎಂದು ಹೆಸರು. ಕನ್ನಡದಲ್ಲಿ ಐತೀರ್ಪು ಎಂದು ಬರೆಯುತ್ತಾರೆ. ನಮ್ಮೂರಲ್ಲಿ ಆ ಪದ ಯಾರೂ ಆಡುವುದಿಲ್ಲ. ಬೆಲೆಯ ಮೇಲೆ ನೂರಕ್ಕೆ 30ರಷ್ಟು ಸೇರಿಸಿ ಕೊಡುವ ಹಣಕ್ಕೆ 'ಸೊಲೇಶಿಯಂ' ಎಂಬ ಹೆಸರು. ಲ್ಯಾಟಿನ್ನಿನಲ್ಲಿ ಸಮಾಧಾನ ಎಂದರ್ಥ. ಮನೆ, ಹೊಲ, ಗುಡಿಕಟ್ಟೆ, ಹೂಳಿದ ಹಿರಿಯರು, ಎಲ್ಲ ಬಿಟ್ಟುಹೋಗುವವನಿಗೆ ಅಳಬೇಡ ಎಂದು ಕೊಡುವ ಮೂವತ್ತು ಪರ್ಸೆಂಟು.

ಅಜ್ಜನ ಟ್ರಂಕಿನಲ್ಲಿ ಆ ಕಾಲದ ಕಾಗದಗಳಿವೆ. ಹೋದ ವರ್ಷ ರಜೆಯಲ್ಲಿ ಒಂದೊಂದಾಗಿ ಬಿಡಿಸಿ ಓದಿದೆ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಹಣ ಪಡೆದ ರಸೀದಿಯ ಕೆಳಗೆ ಅಜ್ಜನ ಹೆಬ್ಬೆಟ್ಟು. ನಮ್ಮ ಹೊಲಕ್ಕೆ ಬದು ಹಂಚಿಕೊಂಡಿದ್ದ ಇನ್ನೊಬ್ಬ ಹಿರಿಯರೂ ಅಂದೇ ಹಣ ಪಡೆದಿದ್ದರು. ಅವರ ಮಗ ಆಗ ಬಾಗಲಕೋಟೆಯಲ್ಲಿ ಡಿಗ್ರಿ ಓದುತ್ತಿದ್ದ. ಅವನು ತಂದೆಯ ರಸೀದಿಯ ಮೇಲೆ ಪೆನ್ನಿನಿಂದ ಎರಡು ಇಂಗ್ಲಿಷ್ ಪದ ಬರೆಸಿದ್ದ: ಅಂಡರ್ ಪ್ರೊಟೆಸ್ಟ್. ಹಣ ತಗೊಳ್ಳುತ್ತಿದ್ದೇನೆ, ಆದರೆ ಬೆಲೆಗೆ ನನ್ನ ತಕರಾರಿದೆ, ಎಂದು ಅದರ ಅರ್ಥ.

ಆ ಕಾಯ್ದೆಯ ಮಾತು ಹೀಗಿತ್ತು. ಪರಿಹಾರ ಕಡಿಮೆಯಾಯಿತು ಎನ್ನುವವರು 18ನೇ ಕಲಮಿನ ಕೆಳಗೆ ಕೋರ್ಟಿಗೆ ಕಳಿಸಿ ಎಂದು ಅರ್ಜಿ ಕೊಡಬಹುದು. ಆದರೆ ತಕರಾರು ಇಲ್ಲದೆ ಹಣ ಪಡೆದವನಿಗೆ ಆ ಅರ್ಜಿ ಕೊಡುವ ಹಕ್ಕಿಲ್ಲ ಎಂದು 31ನೇ ಕಲಮು ಹೇಳುತ್ತದೆ. ಬದುವಿನ ಆಚೆಯವರು ಕೋರ್ಟಿಗೆ ಹೋದರು. ವರ್ಷಗಳೇ ಹಿಡಿದವು, ವಕೀಲರ ಪಾಲೂ ಹೋಯಿತು. ಆದರೂ ಅವರಿಗೆ ಕೊನೆಗೆ ಬಂದದ್ದು ನಮ್ಮ ಎರಡು ಪಟ್ಟಿಗಿಂತ ಹೆಚ್ಚು. ಅದೇ ಕಪ್ಪು ಮಣ್ಣು, ಅದೇ ಹೊಳೆ, ನಡುವೆ ಒಂದು ಬದು. ಬದುವಿನ ಮೇಲೆ ನೀರು ಬಂದಾಗ ಯಾರ ಹೊಲ ಯಾವುದೆಂದು ಗುರುತೇ ಉಳಿಯಲಿಲ್ಲ.

ಹಾಗಾದರೆ ಅಜ್ಜನಿಗೆ ಆದದ್ದು ಚೀಟಿಂಗ್ ಏನು? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಹಳೆಯ ದಂಡಸಂಹಿತೆಯ 415ನೇ ಕಲಮಿನಲ್ಲಿ ಚೀಟಿಂಗ್ ಎಂದರೆ ಏನೆಂದು ಬರೆದಿದೆ: ಸುಳ್ಳು ನಂಬಿಸಿ, ಆ ನಂಬಿಕೆಯಿಂದ ಒಬ್ಬನ ಕೈಯಿಂದ ಆಸ್ತಿ ಬಿಡಿಸಿಕೊಳ್ಳುವುದು ಇತ್ಯಾದಿ. ಅದರ ಶಿಕ್ಷೆ 420. ನಮ್ಮ ಕಾಕಾ ಯಾರನ್ನಾದರೂ 'ಅಂವಾ ಪಕ್ಕಾ ಫೋರ್ ಟ್ವೆಂಟಿ' ಅನ್ನುವುದು ಅದರಿಂದಲೇ. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದು 318 ಆಗಿದೆ, ಆದರೆ 'ತ್ರೀ ಎಯ್ಟೀನ್' ಎಂದು ಬೈಯಲು ನಮ್ಮೂರಿಗೆ ಇನ್ನೂ ಎರಡು ತಲೆಮಾರು ಬೇಕು. ವಿಷಯ ಅದಲ್ಲ. ಅಜ್ಜನಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದರು, ಒತ್ತಿದ. ಕಾಗದದಲ್ಲಿ ಬರೆದಷ್ಟು ಹಣ ಕೊಟ್ಟರು. ಎರಡು ಪದ ಬರೆಯುವ ಹಕ್ಕು ನಿಮಗಿದೆ ಎಂದು ಮೇಜಿನ ಆಚೆಯವರು ಹೇಳಲಿಲ್ಲ, ಅಷ್ಟೇ. ಅದು ಮೋಸ ಅಲ್ಲ, ಅದಕ್ಕೆ ಯಾವ ಕಲಮೂ ಇಲ್ಲ. ಆದರೆ ಅನ್ಯಾಯ ಹೌದು. ಇಂಗ್ಲಿಷಿನಲ್ಲಿ ಇದಕ್ಕೆ 'ಶಾರ್ಟ್‌ಚೇಂಜ್' ಹತ್ತಿರ ಬರುತ್ತದೆ. ಅಂಗಡಿಯವನು ಕೊಡಬೇಕಾದ ಚಿಲ್ಲರೆಗಿಂತ ಕಡಿಮೆ ಎಣಿಸಿ ಕೈಗಿಡುವುದು. ಎಣಿಸಲು ಬಾರದವನು ಕಿಸೆಗೆ ಹಾಕಿಕೊಂಡು ಹೊರಡುತ್ತಾನೆ.

ಅಂದಿನಿಂದ ನನ್ನ ನೋಟ್‌ಬುಕ್ಕಿಗೆ ಇನ್ನೊಂದು ಪುಟ ಸೇರಿತು. ಮೋಸದಂತೆ ಕೇಳಿಸದ ಪದಗಳ ಪುಟ.

ಅದರಲ್ಲಿ ಮೊದಲನೆಯದು 'ರಿಕವರಿ'. ಮುಳುಗಡೆ ಆದಮೇಲೆ ಉಳಿದ ನೆಲಕ್ಕೆ ನೀರು ಬಂತು, ಎಲ್ಲರೂ ಕಬ್ಬು ಹಚ್ಚಿದರು. ಬೀಳಗಿ, ಮುಧೋಳ, ಜಮಖಂಡಿ ಕಡೆ ಈಗ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು, ಫ್ಯಾಕ್ಟರಿ ಚಿಮಣಿ. ಆಸ್ಪತ್ರೆಯಲ್ಲಿ ರಿಕವರಿ ಎಂದರೆ ಗುಣವಾಗುವುದು. ಪೊಲೀಸರಲ್ಲಿ ಕಳೆದದ್ದು ಸಿಗುವುದು. ಫ್ಯಾಕ್ಟರಿಯಲ್ಲಿ ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣ. ಬ್ಯಾಂಕಿನಲ್ಲಿ ಸಾಲ ವಸೂಲಿ. ನಮ್ಮ ಅಪ್ಪ ಹೇಳುವುದು: "ಫ್ಯಾಕ್ಟರಿ ರಿಕವರಿ ಕಡಿಮಿ ಬಿತ್ತಂದ್ರ, ಬ್ಯಾಂಕಿನ ರಿಕವರಿ ಮನಿಮಟಾ ಬರ್ತೈತಿ."

ಎರಡನೆಯದು 'ಫೇರ್'. ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡುವ ಬೆಲೆಗೆ ಎಫ್‌ಆರ್‌ಪಿ ಎನ್ನುತ್ತಾರೆ. ಮೊದಲ ಅಕ್ಷರ ಫೇರ್. 2025-26ರ ಹಂಗಾಮಿಗೆ 10.25 ಪರ್ಸೆಂಟ್ ರಿಕವರಿ ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ ಇಳಿದರೆ ಬೆಲೆಯೂ ಇಳಿಯುತ್ತದೆ. ಅದರಲ್ಲೇ ಕಟಾವು, ಸಾಗಾಣಿಕೆಯ ಖರ್ಚು ಕಡಿದರೆ ಕೈಗೆ ಬರುವುದು ಬೇರೆಯೇ ಲೆಕ್ಕ. ಕಬ್ಬು ಹಾಕಿದ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹದಿನಾಲ್ಕು ದಿನ ಎಂದರೆ ಎಷ್ಟು ತಿಂಗಳು ಎಂದು ಕಬ್ಬು ಬೆಳೆದವರನ್ನು ಕೇಳಿ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಬೇಕೆಂದು ರೈತರು ರಸ್ತೆಯಲ್ಲಿ ಕೂತಾಗ ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಅದು ಬಸ್ ತಡವಾದ ಸುದ್ದಿ. ನನಗೆ ನಾಲ್ಕನೇ ಸೆಮಿಸ್ಟರಿನ ಫೀಸಿನ ಸುದ್ದಿ.

ಮೂರನೆಯ ಪದ 'ಎರರ್'. ಇದು ನಮ್ಮ ಲ್ಯಾಬಿನದೇ ಪದ. ಕಬ್ಬಿನ ಗಾಡಿ ತೂಗುವ ಕಟ್ಟೆಗೆ ನಮ್ಮಲ್ಲಿ ಕಾಟಾ ಎನ್ನುತ್ತಾರೆ. ಒಂದು ವರ್ಷ ನಮ್ಮ ಟ್ರ್ಯಾಕ್ಟರನ್ನು ಅಪ್ಪ ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡು ಫ್ಯಾಕ್ಟರಿಯೊಂದಕ್ಕೆ ಒಯ್ದರು. ಅಲ್ಲಿ ಕಡಿಮೆ ತೋರಿಸಿತು. ಕೇಳಿದ್ದಕ್ಕೆ "ಸ್ವಲ್ಪ ಎರರ್ ಇರ್ತದರಿ" ಎಂದರಂತೆ. ಹೌದು, ಯಾವ ಅಳತೆಯಲ್ಲೂ ಎರರ್ ಇರುತ್ತದೆ. ಮೊದಲ ವರ್ಷದ ಲ್ಯಾಬಿನಲ್ಲೇ ಕಲಿತಿದ್ದೇವೆ. ಆದರೆ ಅದೇ ಲ್ಯಾಬಿನಲ್ಲಿ ಇನ್ನೊಂದೂ ಕಲಿತಿದ್ದೇವೆ: ರ್‍ಯಾಂಡಮ್ ಎರರ್ ಒಮ್ಮೆ ಹೆಚ್ಚಿಗೆ, ಒಮ್ಮೆ ಕಡಿಮೆಗೆ ಹೋಗುತ್ತದೆ, ಸಾಕಷ್ಟು ರೀಡಿಂಗ್ ತೆಗೆದರೆ ಸರಾಸರಿಯಲ್ಲಿ ಸರಿಹೋಗುತ್ತದೆ. ಯಾವಾಗಲೂ ಒಂದೇ ಕಡೆ ವಾಲುವುದು ಸಿಸ್ಟಮ್ಯಾಟಿಕ್ ಎರರ್. ಅದಕ್ಕೆ ಕಾರಣ ಇರುತ್ತದೆ, ಹುಡುಕಿ ತೆಗೆಯಬೇಕು. ಹಂಗಾಮು ತುಂಬ ತೂಗಿದರೂ ಒಮ್ಮೆಯಾದರೂ ರೈತನ ಕಡೆ ತಪ್ಪದ ಕಾಟಾ ಯಂತ್ರದ ತಪ್ಪಲ್ಲ. ಅಪ್ಪ ಹತ್ತನೇ ಫೇಲು, ಸ್ಟ್ಯಾಂಡರ್ಡ್ ಡೀವಿಯೇಷನ್ ಗೊತ್ತಿಲ್ಲ. ಆದರೂ ಈ ಮಾತು ಅವರು ನನಗಿಂತ ಮೊದಲೇ ಹೇಳಿದ್ದರು: "ತಪ್ಪಂದ್ರ ಎರಡೂ ಕಡೆ ಆಗಬೇಕಲ್ಲವಾ. ಒಂದ ಕಡೆ ಆಗೂದಕ್ಕ ತಪ್ಪ ಅನ್ನೂದಿಲ್ಲ."

ಇಷ್ಟು ಪದ ನೋಡಿದ ಮೇಲೆ ನಮ್ಮ ಕನ್ನಡದ್ದೂ ಒಂದು ತಕರಾರು ಹೇಳಬೇಕು. ಇಂಗ್ಲಿಷಿನಲ್ಲಿ 'ಐ ವಾಸ್ ಚೀಟೆಡ್' ಎನ್ನುತ್ತಾರೆ. ನನಗೆ ಯಾರೋ ಮಾಡಿದರು ಎಂದು. ಮಾಡಿದವನ ಹೆಸರು ಇಲ್ಲದಿದ್ದರೂ ಮಾಡಿದವನೊಬ್ಬ ಇದ್ದಾನೆ ಎಂಬುದು ವಾಕ್ಯದಲ್ಲೇ ಗೊತ್ತಾಗುತ್ತದೆ. ನಾವು 'ಮೋಸ ಹೋದೆ' ಎನ್ನುತ್ತೇವೆ. ಯಾರು ಹೋದದ್ದು? ನಾನು. ಮೋಸ ಎಂಬುದು ಯಾವುದೋ ಊರು, ನಾನೇ ಬಸ್ ಹತ್ತಿ ಹೋದಂತೆ. 'ಏಮಾರಿದೆ', 'ಬಲಿಬಿದ್ದೆ', 'ಕಳಕೊಂಡೆ', ಎಲ್ಲದರಲ್ಲೂ ಕರ್ತೃ ನಾನೇ. ಮಾಡಿದವನು ವಾಕ್ಯದಿಂದ ಆಗಲೇ ಪರಾರಿ.

ಇದನ್ನು ಒಮ್ಮೆ ಆಯಿಗೆ ಹೇಳಿದೆ. ಅವಳು ಕುಂಬಳಕಾಯಿ ಹೆಚ್ಚುತ್ತಿದ್ದಳು. ಅಜ್ಜನ ರಸೀದಿಯ ಕಥೆ ತೆಗೆದು ಯಾರೋ ಸಂಬಂಧಿಕರು 'ಹಿರಿಯಾರು ಮೋಸ ಹೋದ್ರು' ಎಂದದ್ದು ಅವಳ ಮನಸ್ಸಿನಲ್ಲಿತ್ತು. "ನಾವ್ ಎಲ್ಲಿ ಹೋಗಿದ್ವಿ ಯವ್ವಾ? ನಾವು ನಮ್ಮೂರಾಗ ಇದ್ವಿ. ಅವ್ರ ಬಂದ್ರು" ಎಂದಳು.

ನಮ್ಮ ಹಾಸ್ಟೆಲಿನ ಗೆಳತಿ ದೂರು ಕೊಡಲು ಎರಡು ದಿನ ಹಿಂದೇಟು ಹಾಕಿದ್ದು ಇದೇ ಕಾರಣಕ್ಕೆ. 'ಇಂಜಿನಿಯರಿಂಗ್ ಓದಿ ಮೋಸ ಹೋದಳು ಅಂತಾರೆ' ಎಂಬ ಹೆದರಿಕೆ. ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿ ಇದೆ. ಎಷ್ಟು ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ನಾಚಿಕೆಯಲ್ಲಿ ಕಳೆದ ಎರಡು ದಿನ ಮಾಡಿದವನಿಗೆ ಲಾಭ. ಕೊನೆಗೆ ನಾಲ್ಕು ಜನ ಕೂತು ಪೋರ್ಟಲಿನಲ್ಲಿ ದೂರು ತುಂಬಿದೆವು. ಆಕೆ ಮೊದಲು ಬರೆದದ್ದು: 'ನಾನು ಆನ್‌ಲೈನ್ ಇಂಟರ್ನ್‌ಶಿಪ್ ಸ್ಕ್ಯಾಮಿನಲ್ಲಿ ಮೋಸ ಹೋಗಿರುತ್ತೇನೆ.' ಅಳಿಸಿ ಹೀಗೆ ಬರೆದೆವು: ಇಂಥ ನಂಬರಿನಿಂದ, ಇಂಥ ದಿನ, ಇಷ್ಟು ಗಂಟೆಗೆ, ಕೆಲಸ ಕೊಡುತ್ತೇವೆ ಎಂದು ಸುಳ್ಳು ನಂಬಿಸಿ ನನ್ನಿಂದ 4,999 ರೂಪಾಯಿ ಪಡೆದಿದ್ದಾರೆ. ಹಣ ಇನ್ನೂ ಬಂದಿಲ್ಲ. ಆದರೆ ದೂರು ಸಲ್ಲಿಸಿದ ರಾತ್ರಿ ಅವಳು ಅಪ್ಪನಿಗೆ ಫೋನ್ ಮಾಡಿದಳು. ಅಲ್ಲಿಯವರೆಗೆ ಮಾಡಿರಲಿಲ್ಲ.

ಹಾಗಾಗಿ ಸ್ಕ್ಯಾಮ್ ಎನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಪನ್ನೀರಿಗೆ ಧಾರಾಳವಾಗಿ ಅನ್ನಿ. ನಿಜವಾದದ್ದು ಆದಾಗ ಮಾತ್ರ ಇಡೀ ವಾಕ್ಯ ಹೇಳಿ: ಯಾರು, ಯಾವತ್ತು, ಏನು ಹೇಳಿ, ಎಷ್ಟು ತಗೊಂಡರು. ಮತ್ತೆ ಇನ್ನು ಒಂದೆರಡು ವರ್ಷದಲ್ಲಿ ನಾವೆಲ್ಲ ಸಹಿ ಮಾಡುವ ಕಾಗದಗಳು ಬರುತ್ತವೆ. ಆಫರ್, ಬಾಂಡ್, ಪ್ರೊಬೇಷನ್, ನೋಟಿಸ್ ಪೀರಿಯಡ್. ಯಾವುದೂ ಬೈಗುಳದಂತೆ ಕೇಳಿಸುವುದಿಲ್ಲ. 'ಅವಾರ್ಡ್' ಕೂಡ ಕೇಳಿಸಿರಲಿಲ್ಲ.

ನಮ್ಮ ಮನೆಗೆ ಆ ಪದ ಇನ್ನೊಮ್ಮೆ ಬರಲಿದೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.6 ಮೀಟರಿಗೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ನಡುವಿನ 4.656 ಮೀಟರಿನಲ್ಲಿ ಎಪ್ಪತ್ತೈದು ಸಾವಿರ ಎಕರೆಗೂ ಹೆಚ್ಚು ನೆಲ ಇದೆ. ಅದರಲ್ಲಿ ಮೊದಲ ಮುಳುಗಡೆಯಲ್ಲಿ ಉಳಿದ ನಮ್ಮ ಎರಡೂವರೆ ಎಕರೆಯೂ ಇದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಎಂದು ತೀರ್ಮಾನಿಸಿತು. ಅಜ್ಜನ ಕಾಲಕ್ಕೆ ಕನಸಿನಲ್ಲೂ ಇಲ್ಲದ ಹಣ. ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದರೆ ಆಮೇಲೆ ಹೆಚ್ಚಿಗೆ ಕೇಳಿ ಕೋರ್ಟಿಗೆ ಹೋಗಲಾಗದು. ಹಾಕದಿದ್ದರೆ ಸಾಮಾನ್ಯ ಐತೀರ್ಪು, ಆಮೇಲೆ ವರ್ಷಗಟ್ಟಲೆ ಅಲೆದಾಟ. 1894ರ ಕಾಯ್ದೆ ಹೋಗಿ 2013ರದ್ದು ಬಂದಿದೆ. ಅದರ ಹೆಸರಿನಲ್ಲೇ 'ಫೇರ್' ಇದೆ, ಸಮಾಧಾನದ ಹಣ 30ರಿಂದ 100 ಪರ್ಸೆಂಟ್ ಆಗಿದೆ. 77ನೇ ಕಲಮಿನಲ್ಲಿ ಆ ಹಳೆಯ ಷರತ್ತು ಹಾಗೇ ಇದೆ: ತಕರಾರಿಲ್ಲದೆ ಹಣ ಪಡೆದವನಿಗೆ ಮುಂದೆ ಕೇಳುವ ಹಕ್ಕಿಲ್ಲ.

ಅಪ್ಪ ಸಹಿ ಹಾಕೋಣ ಎನ್ನುತ್ತಾರೆ. ಕಾಕಾ ಬೇಡ ಎನ್ನುತ್ತಾರೆ. ಅಜ್ಜ ಈಗಿಲ್ಲ. ಆಯಿ ಯಾರ ಪರವಾಗಿಯೂ ಮಾತಾಡುವುದಿಲ್ಲ, "ಕಾಗದ ಬಂದ ಮ್ಯಾಲ ಈಕಿ ಓದಲಿ, ಆಮ್ಯಾಲ ನೋಡೂನು" ಎಂದಿದ್ದಾಳೆ. ಕಾಗದ ಇನ್ನೂ ಬಂದಿಲ್ಲ. ನಾನು ಸದ್ಯ 2013ರ ಕಾಯ್ದೆಯನ್ನು ಇಳಿಸಿಕೊಂಡು ದಿನಕ್ಕೆ ಎರಡು ಪುಟದಂತೆ ಓದುತ್ತಿದ್ದೇನೆ. ಗೊತ್ತಿಲ್ಲದ ಪದ ಬಂದರೆ ನೋಟ್‌ಬುಕ್ಕಿಗೆ ಹಾಕುತ್ತೇನೆ. ನಿಮ್ಮ ಮನೆಗಳಲ್ಲೂ ಇಂಥ ಕಾಗದದ ಟ್ರಂಕು ಇದ್ದರೆ ಈ ರಜೆಯಲ್ಲಿ ಒಮ್ಮೆ ತೆಗೆದು ನೋಡಿ. ಅರ್ಥ ಆಗದ ಪದ ಸಿಕ್ಕರೆ ನಮ್ಮ ಸಂಘದ ಗ್ರೂಪಿಗೆ ಹಾಕಿ. ಸೇರಿ ಓದೋಣ.